ಬಾಗಿಲು ಮುಚ್ಚಿದ ದಿನಗಳ ಪ್ರಾರ್ಥನೆ

ಒಂಟಿಯಾಗಿರುವಾಗಲೇ ಮನುಷ್ಯನು ದೇವರಿಗೆ ಹೆಚ್ಚು ಸಮೀಪನಾಗುತ್ತಾನೆ ಎಂಬ ಮಾತನ್ನು 2020ರ ನಂತರ ನಮ್ಮ ಸಭೆಗಳ ಪ್ರಸಂಗಗಳಲ್ಲಿ ಮೇಲಿಂದ ಮೇಲೆ ಕೇಳುತ್ತಿದ್ದೇನೆ. ಕೊರೊನಾ ಕಾಲದ ಲಾಕ್‌ಡೌನ್ ದೇವರೇ ಕರುಣಿಸಿದ ಧ್ಯಾನದ ಅವಕಾಶವಾಗಿತ್ತು ಎನ್ನುವವರೂ ಉಂಟು. ಈ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ.

ಕನ್ನಡದಲ್ಲಿ ಏಕಾಂತ, ಒಂಟಿತನ ಎಂಬ ಎರಡು ಬೇರೆ ಬೇರೆ ಪದಗಳಿವೆ. (ಮೇಷ್ಟ್ರ ಹಳೆಯ ಚಾಳಿ ಇನ್ನೂ ಹೋಗಿಲ್ಲವೆಂದು ನನ್ನ ವಿದ್ಯಾರ್ಥಿಗಳು ನಗಬಹುದು, ನಗಲಿ.) ಏಕಾಂತವನ್ನು ನಾವೇ ಅರಸಿಕೊಂಡು ಹೋಗುತ್ತೇವೆ, ಒಂಟಿತನವು ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಯೇಸುಸ್ವಾಮಿ ಬೆಳಗಿನ ಕತ್ತಲಲ್ಲೇ ಎದ್ದು ಅಡವಿಗೆ ಹೋಗಿ ಪ್ರಾರ್ಥಿಸಿದ್ದು ಏಕಾಂತ. ಗೆತ್ಸೇಮನೆಯ ತೋಟದಲ್ಲಿ ಆದದ್ದು ಬೇರೆ. ಅಲ್ಲಿ ಅವರು ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಹೋಗಿ, ತಮ್ಮೊಡನೆ ಎಚ್ಚರವಾಗಿರಿ ಎಂದು ಬೇಡಿಕೊಂಡರು. ಆ ಮೂವರೂ ನಿದ್ದೆ ಮಾಡಿದರು. ದೇವಕುಮಾರನಿಗೇ ಸಂಕಟದ ರಾತ್ರಿಯಲ್ಲಿ ಜೊತೆಗೊಬ್ಬರು ಬೇಕೆನಿಸಿತು. ಹಾಗಿರುವಾಗ ಮಕ್ಕಳೆಲ್ಲ ದೂರದಲ್ಲಿರುವ ವೃದ್ಧರಿಗೆ ‘ಒಂಟಿಯಾಗಿರುವುದು ಆಶೀರ್ವಾದ’ ಎಂದು ಬೋಧಿಸಲು ನಮಗೆ ಬಾಯಿ ಹೇಗೆ ಬರುತ್ತದೆಯೋ ತಿಳಿಯದು.

ನಮ್ಮ ಉತ್ತರ ಬೆಂಗಳೂರಿನಲ್ಲಿ ಆ ದಿನಗಳು ಹೇಗಿದ್ದವೆಂಬುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಏಪ್ರಿಲ್ 5 ಗರಿಗಳ ಭಾನುವಾರ, 10 ಶುಭ ಶುಕ್ರವಾರ, 12 ಈಸ್ಟರ್. ಪವಿತ್ರ ವಾರವೆಲ್ಲ ಮನೆಯೊಳಗೇ ಕಳೆದುಹೋಯಿತು. ಹೆಬ್ಬಾಳದ ಮೇಲ್ಸೇತುವೆ ಬರಿದಾಗಿತ್ತು. ದೇಶದೊಳಗಿನ ಪ್ರಯಾಣಿಕರ ವಿಮಾನಗಳು ಮೇ 25ರವರೆಗೆ ಹಾರಲೇ ಇಲ್ಲವಾದ್ದರಿಂದ ಯಲಹಂಕದ ಆಕಾಶವೂ ಸದ್ದಡಗಿತ್ತು. ಮೌನಕ್ಕೇನೂ ಕೊರತೆಯಿರಲಿಲ್ಲ. ಆದರೆ ಒಂದೇ ಕೋಣೆಯ ಮನೆಯಲ್ಲಿ ಐದು ಜನ ಕೂತು ನಾಳಿನ ಅಕ್ಕಿಯ ಲೆಕ್ಕ ಹಾಕುತ್ತಿದ್ದವರಿಗೆ ಆ ಮೌನದಿಂದ ಯಾವ ಧ್ಯಾನ ಹುಟ್ಟೀತು? ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸ್ ಅವರು ರೋಮಿನ ಸಂತ ಪೇತ್ರರ ಚೌಕದಲ್ಲಿ, ಸುರಿಯುವ ಮಳೆಯಲ್ಲಿ, ಜನರಿಲ್ಲದೆ ನಿಂತು ಪ್ರಾರ್ಥಿಸಿದ ದೃಶ್ಯವನ್ನು ಲೋಕವೆಲ್ಲ ಕಂಡಿತು. ನಾವು ಪ್ರೊಟೆಸ್ಟೆಂಟರು, ಆದರೂ ಆ ಖಾಲಿ ಚೌಕ ನನ್ನ ಕಣ್ಣಿನಿಂದ ಮರೆಯಾಗಿಲ್ಲ. ಅದರಲ್ಲಿ ನನಗೆ ಕಂಡದ್ದು ಏಕಾಂತದ ಸೊಬಗಲ್ಲ, ಅಲ್ಲಿ ಇರಬೇಕಾಗಿದ್ದು ಇಲ್ಲದೇ ಹೋದ ಜನ.

ಒಂಟಿತನದ ವಿಷಯ ಬಂದಾಗ ಬೋಧಕರು ಸಾಮಾನ್ಯವಾಗಿ ಪ್ರವಾದಿಯಾದ ಎಲೀಯನ ಕಥೆಯನ್ನು ಹೇಳುತ್ತಾರೆ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯ. ಪ್ರಾಣಭಯದಿಂದ ಓಡಿದ ಎಲೀಯನಿಗೆ ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲ ಆದ ಮೇಲೆ ಮೆಲುದನಿಯೊಂದು ಕೇಳಿಸುತ್ತದೆ. ಪ್ರಸಂಗ ಅಲ್ಲಿಗೆ ನಿಂತುಬಿಡುತ್ತದೆ. ಅಧ್ಯಾಯ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಬೆಟ್ಟಕ್ಕೆ ಬರುವ ಮೊದಲೇ, ಸಾಯಲು ಬಯಸಿ ಮಲಗಿದ್ದ ಎಲೀಯನಿಗೆ ದೇವದೂತನು ರೊಟ್ಟಿ, ನೀರು ಕೊಟ್ಟು ಎಬ್ಬಿಸಿದ್ದನು. ಬೆಟ್ಟದಲ್ಲಿ ಎಲೀಯನು ತಾನೊಬ್ಬನೇ ಉಳಿದಿದ್ದೇನೆಂದು ದೂರಿಕೊಂಡಾಗ, ಬಾಳನಿಗೆ ಅಡ್ಡಬೀಳದ ಏಳು ಸಾವಿರ ಜನ ಇನ್ನೂ ಇದ್ದಾರೆಂದು ದೇವರು ತಿಳಿಸಿದನು. ಬಂದ ದಾರಿಯಲ್ಲೇ ಹಿಂದಿರುಗಿ ಎಲೀಷನನ್ನು ಕರೆದುಕೋ ಎಂದನು. ಮೊದಲು ಊಟ, ಆಮೇಲೆ ದನಿ, ಕೊನೆಗೆ ಒಬ್ಬ ಸಂಗಾತಿ. ದೇವರು ಎಲೀಯನನ್ನು ಗವಿಯಲ್ಲಿಯೇ ಇರಿಸಿಕೊಳ್ಳಲಿಲ್ಲ.

ಹಾಗಾದರೆ ಒಂಟಿತನದಲ್ಲಿ ದೇವರ ಸಾಮೀಪ್ಯವೇ ಇಲ್ಲವೇ? ಇದೆ. ಆದರೆ ಅದು ಹೆಚ್ಚಾಗಿ ಬೇರೆಯವರು ನಮ್ಮಲ್ಲಿ ಕೂಡಿಟ್ಟ ಬುತ್ತಿಯಿಂದ ದೊರಕುವಂಥದು. 2021ರ ಎರಡನೆಯ ಅಲೆಯಲ್ಲಿ ಆರ್.ಟಿ. ನಗರದ ನಮ್ಮ ಬಂಧುಗಳಾದ ಒಬ್ಬ ಅಜ್ಜಿ ಹದಿನಾಲ್ಕು ದಿನ ಮಹಡಿಯ ಕೋಣೆಯಲ್ಲಿ ಒಬ್ಬರೇ ಇದ್ದರು. ಕಣ್ಣು ಮಂಜು, ಸತ್ಯವೇದ ಓದಲಾಗದು. ಮಕ್ಕಳು ಕೊಟ್ಟ ಮೊಬೈಲಿನಲ್ಲಿ ಆರಾಧನೆ ಬರುತ್ತಿತ್ತು, ಆದರೆ ಅದನ್ನು ಒತ್ತುವುದು ಅವರಿಗೆ ತಿಳಿಯದು. ಹುಡುಗಿಯಾಗಿದ್ದಾಗ ಭಾನುವಾರ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದ ಕೀರ್ತನೆಗಳನ್ನು ಅವರು ಬೆಳಿಗ್ಗೆ ಸಂಜೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರಂತೆ. “23ನೆಯದು ಪೂರ್ತಿ ಬಂತು, 121 ಅರ್ಧಕ್ಕೆ ಮರೆತುಹೋಯಿತು, ಅದನ್ನು ನೆನಪು ಮಾಡಿಕೊಳ್ಳುವುದರಲ್ಲೇ ಎರಡು ದಿನ ಕಳೆಯಿತು ಕಣಪ್ಪಾ” ಎಂದು ಆಮೇಲೆ ನನಗೆ ಹೇಳಿದರು. ಕಲಿಸಿದವರು ತೀರಿಹೋಗಿ ಎಷ್ಟೋ ಕಾಲವಾಗಿರಬೇಕು. ಆ ಕೋಣೆಯಲ್ಲಿ ಅವರೂ ಇದ್ದರೆಂದೇ ನನ್ನ ಭಾವನೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ ಕೂಗು ಕೂಡ 22ನೆಯ ಕೀರ್ತನೆಯ ಮೊದಲ ಮಾತೇ. ದೇವರು ಕೈಬಿಟ್ಟನೆನ್ನುವುದಕ್ಕೂ ಅವರ ಜನ ತಲೆಮಾರುಗಳಿಂದ ಹಾಡಿಕೊಂಡು ಬಂದ ಮಾತೇ ಒದಗಿತು. ಹಿಟ್ಲರನ ಸೆರೆಮನೆಯಲ್ಲಿದ್ದ ಜರ್ಮನಿಯ ಪಾಲಕ ಡೀಟ್ರಿಖ್ ಬಾನ್‌ಹಾಫರ್ ಪ್ರತಿದಿನ ಕೀರ್ತನೆಗಳನ್ನು ಓದುತ್ತಿದ್ದರು, ಪೌಲ್ ಗೆರ್ಹಾರ್ಟನ ಸ್ತುತಿಗೀತೆಗಳನ್ನು ಬಾಯಿಪಾಠ ಮಾಡುತ್ತಿದ್ದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು.

ಬಾಯಿಪಾಠವೆಂದರೆ ಈಗ ಶಿಕ್ಷಣತಜ್ಞರಿಗೆ ಅಲರ್ಜಿ. ಬಿ.ಎಡ್. ತರಗತಿಯಲ್ಲಿ ನಮಗೂ ಅದನ್ನು ಹೀಗಳೆದೇ ಕಲಿಸಿದರು. ಅರ್ಥವಾಗದೆ ಉರುಹೊಡೆಯುವುದು ತಪ್ಪೆಂಬುದು ನಿಜ. ಆದರೆ ಹತ್ತು ವರ್ಷದ ಮಗುವಿಗೆ ಅರ್ಥವಾಗದ ಸಾಲು ಎಪ್ಪತ್ತೈದರಲ್ಲಿ ಅರ್ಥವಾಗಬಹುದು. ಅಷ್ಟರವರೆಗೆ ಅದು ಒಳಗೆ ಇರಬೇಕಲ್ಲವೇ? ನಿಮ್ಮ ಮಕ್ಕಳಿಗೆ ವರ್ಷಕ್ಕೆ ನಾಲ್ಕಾದರೂ ಕೀರ್ತನೆ ಕನ್ನಡದಲ್ಲಿ ಕಲಿಸಿ. ಹೊರದೇಶದಲ್ಲಿರುವವರಿಗೂ ಇದನ್ನೇ ಹೇಳುತ್ತೇನೆ.

ಇನ್ನೊಂದು ವಿಷಯ. ಲಾಕ್‌ಡೌನ್ ಮುಗಿದು ವರ್ಷಗಳಾದರೂ ಮನೆಯಿಂದ ಹೊರಬರಲಾಗದ ಹಿರಿಯರು ನಮ್ಮ ಸಭೆಯಲ್ಲಿ ಹಲವರಿದ್ದಾರೆ. ಅವರ ಪಾಲಿಗೆ ಬಾಗಿಲು ಇನ್ನೂ ತೆರೆದಿಲ್ಲ. ತಿಂಗಳ ಮೊದಲ ಭಾನುವಾರ ಆರಾಧನೆಯಾದ ಮೇಲೆ ಪಾಲಕರು ಪ್ರಭುಭೋಜನವನ್ನು ಅವರ ಮನೆಗಳಿಗೆ ಒಯ್ಯುತ್ತಾರೆ. ಜೊತೆಗೆ ನಾವು ಮೂರು ನಾಲ್ಕು ಜನ ಹೋಗುತ್ತೇವೆ. ಎಲ್ಲರೂ ಅರುವತ್ತು ದಾಟಿದವರು, ಮಹಡಿ ಹತ್ತುವಾಗ ಏದುಸಿರು. ಯಲಹಂಕ, ಹೆಬ್ಬಾಳದ ಕಡೆ ಇರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಆ ಭಾನುವಾರ ಮಧ್ಯಾಹ್ನ ಬಿಡುವಿದ್ದರೆ ನನಗೊಂದು ಫೋನ್ ಮಾಡಿ. ಹಾಡಲು ಬರುವವರಾದರೆ ಇನ್ನೂ ಒಳ್ಳೆಯದು.