‘ಇದು ನಿಮ್ಮ ಸ್ವಂತ ಕಥೆಯೇ?’

ಕಾಲೇಜಿನ ಕನ್ನಡ ಸಂಘವಿರಲಿ, ಮಹಿಳಾ ಸಮಾಜವಿರಲಿ, ಸಾಹಿತ್ಯ ಸಮ್ಮೇಳನದ ಮಹಿಳಾ ಗೋಷ್ಠಿಯಿರಲಿ, ಕಾದಂಬರಿಗಾರ್ತಿಯೊಬ್ಬರು ವೇದಿಕೆ ಏರಿದರೆಂದರೆ ಸಭಿಕರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಇದು ನಿಮ್ಮ ಸ್ವಂತ ಕಥೆಯೇ? ಮನೆಯವರು ಏನೂ ಅನ್ನುವುದಿಲ್ಲವೇ? ಅಡುಗೆ, ಮಕ್ಕಳು ಎಲ್ಲವನ್ನೂ ಮುಗಿಸಿ ಯಾವಾಗ ಬರೆಯುತ್ತೀರಿ? ಗಂಡಸರನ್ನೆಲ್ಲ ಯಾಕೆ ಕೆಟ್ಟವರನ್ನಾಗಿ ಮಾಡುತ್ತೀರಿ? ನಿಮ್ಮ ನಾಯಕಿ ಆ ಮನೆ ಬಿಟ್ಟು ಯಾಕೆ ಹೊರಡಲಿಲ್ಲ? ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಇಂಥ ಸಂವಾದಗಳ ನಿರ್ವಹಣೆಗೆ ಎಷ್ಟೋ ಸಲ ಕುಳಿತಿದ್ದೇನೆ. ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಗಳನ್ನು ಆರಿಸಿ ಓದುವ ಕೆಲಸ ನನ್ನದಾಗಿರುತ್ತಿತ್ತು. ಓದುವ ಮೊದಲೇ ಚೀಟಿಯಲ್ಲಿ ಏನಿದೆಯೆಂದು ಹೇಳಬಲ್ಲೆ ಎನ್ನುವಷ್ಟು ಅಭ್ಯಾಸವಾಗಿತ್ತು.

ವರದಕ್ಷಿಣೆ, ಹೊಡೆತ ಬಡಿತಗಳ ಬಗ್ಗೆ ಬರೆಯುವ ಈ ಪತ್ರಿಕೆಗೆ ಸಾಹಿತ್ಯದ ಈ ಸುದ್ದಿ ಏಕೆ ಎಂದು ಗೆಳತಿಯರು ಕೇಳಬಹುದು. ನಿವೃತ್ತಿಯ ನಂತರ ಕೆಲವು ಕಾಲ ನಾನು ಸಾಂತ್ವನ ಕೇಂದ್ರವೊಂದಕ್ಕೆ ಹೋಗಿ ಬರುತ್ತಿದ್ದೆ. ಅಲ್ಲಿಯೂ ಇದೇ ಐದು ಪ್ರಶ್ನೆಗಳು ಕಿವಿಗೆ ಬಿದ್ದವು. ಕೇಳುವವರು ಬೇರೆ, ಉತ್ತರ ಕೊಡಬೇಕಾದವಳು ಬೇರೆ, ಅಷ್ಟೇ.

ಮೊದಲನೆಯ ಪ್ರಶ್ನೆಯನ್ನೇ ನೋಡೋಣ. ಶಿವರಾಮ ಕಾರಂತರು ‘ಚೋಮನ ದುಡಿ’ ಬರೆದರು, ‘ಮೈಮನಗಳ ಸುಳಿಯಲ್ಲಿ’ ಬರೆದರು. ಇದು ನಿಮ್ಮ ಸ್ವಂತ ಕಥೆಯೇ ಎಂದು ಅವರನ್ನು ಕೇಳಿದ ಒಂದು ಚೀಟಿಯನ್ನೂ ಯಾವ ಸಭೆಯಲ್ಲೂ ನಾನು ಕಂಡಿಲ್ಲ. ಅವರನ್ನು ಸಮಾಜದ ಬಗ್ಗೆ, ಜೀವನದರ್ಶನದ ಬಗ್ಗೆ ಕೇಳುತ್ತಾರೆ. ಹೆಣ್ಣು ಬರೆದರೆ ಮಾತ್ರ ಅವಳ ಅಡುಗೆಮನೆಯ ಕಿಟಕಿಯಿಂದ ಇಣುಕುವ ಆಸೆ. ಲೇಖಕಿ ‘ಹೌದು, ನನ್ನದೇ’ ಎಂದರೆ ಕಾದಂಬರಿ ಆ ಮನೆಯ ಜಗಳವಾಗಿ ಮುಗಿಯಿತು. ಪಾಪ, ಅವರ ಗಂಡ ಹಾಗಂತೆ ಎಂದು ಮಾತಾಡಿಕೊಂಡು ಸಭಿಕರು ಕಾಫಿಗೆ ಏಳುತ್ತಾರೆ. ‘ಅಲ್ಲ, ಕಲ್ಪನೆ’ ಎಂದರೆ, ಹಾಗಾದರೆ ಇಂಥದ್ದೆಲ್ಲ ನಿಜವಾಗಿ ನಡೆಯುವುದಿಲ್ಲ ಬಿಡಿ ಎಂಬ ಸಮಾಧಾನ. ಎರಡು ಉತ್ತರದಲ್ಲೂ ಓದುಗನ ತಲೆಯ ಮೇಲಿನ ಭಾರ ಇಳಿಯುತ್ತದೆ. ಠಾಣೆಯಲ್ಲಿ ನಡೆಯುವುದೂ ಇದೇ ಅಲ್ಲವೇ? ಹೊಡೆಸಿಕೊಂಡವಳೇ ಹೋದರೆ ‘ಇದು ನಿಮ್ಮ ಮನೆ ವಿಷಯ, ಕೂತು ಮಾತಾಡಿ’. ಬೇರೆಯವರು ಹೋದರೆ ‘ಅವಳಿಗಿಲ್ಲದ ನೋವು ನಿಮಗೇನ್ರೀ?’

ವೈದೇಹಿಯವರ ಕಾವ್ಯನಾಮದ ಹಿಂದೆ ಇಂಥದ್ದೊಂದು ಅಂಜಿಕೆಯಿದೆ. ‘ಸುಧಾ’ ವಾರಪತ್ರಿಕೆಗೆ ಕಥೆ ಕಳಿಸಿದ ಮೇಲೆ, ಅದು ನಡೆದ ಸಂಗತಿಯನ್ನು ಆಧರಿಸಿದ್ದೆಂದು ಅವರಿಗೆ ಅಳುಕಾಯಿತು, ಪ್ರಕಟಿಸಬೇಡಿ ಎಂದು ತಿಳಿಸಿದರು. ಸಂಪಾದಕರು ಕಥೆಯನ್ನು ಉಳಿಸಿಕೊಂಡು ಲೇಖಕಿಯ ಹೆಸರನ್ನು ‘ವೈದೇಹಿ’ ಎಂದು ಬದಲಿಸಿದರು. 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ಹೆಸರಿಗೇ. ಇದನ್ನು ತಮಾಷೆಯ ಪ್ರಸಂಗವೆಂದು ಹೇಳುವವರಿದ್ದಾರೆ. ನನಗೆ ಅದರಲ್ಲಿ ತಮಾಷೆ ಕಾಣುವುದಿಲ್ಲ. ಕಥೆ ಯಾರದು ಎಂದು ಊರು ಹುಡುಕಿಕೊಂಡು ಬರುತ್ತದೆಂಬ ಭಯ ಯಾವ ಗಂಡು ಲೇಖಕನಿಗೆ ಇಷ್ಟು ಎಳೆಯ ವಯಸ್ಸಿನಲ್ಲಿ ಇತ್ತು?

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂದದ್ದು 1976ರಲ್ಲಿ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ನೂರು ದಾಟಿದ ಆಯಸ್ಸನ್ನು ಇತರರ ಮನೆಗೆಲಸ, ಬಾಣಂತನಗಳಲ್ಲಿ ಸವೆಸಿದ ಹೆಂಗಸಿನ ಬದುಕು ಅದು. ಲೇಖಕಿಯ ಕುಟುಂಬದಲ್ಲೇ ಬಾಳಿದ ಹಿರಿಯ ಜೀವ. ಇಲ್ಲಿ ‘ನಿಜವೇ?’ ಎಂದರೆ ನಿಜ, ‘ನಿಮ್ಮದೇ?’ ಎಂದರೆ ಅಲ್ಲ. ಆ ಹೆಂಗಸು ಒಂದು ದೂರು ಬರೆದವಳಲ್ಲ. ಅವಳಿಗೆ ನಡೆದದ್ದು ಯಾವ ಕಚೇರಿಯ ಕಡತದಲ್ಲೂ ಇಲ್ಲ. ಮನೆಯ ಹೆಂಗಸರ ಬಾಯಿಂದ ಬಾಯಿಗೆ ಬಂದ ಮಾತನ್ನು ಒಬ್ಬಳು ಬರೆದಿಟ್ಟದ್ದರಿಂದ ಉಳಿಯಿತು. ಅದೇ ಕಾದಂಬರಿಯಲ್ಲಿ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಮುದುಕಿ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ತಾನು ಪಟ್ಟದ್ದನ್ನು ಇನ್ನೊಬ್ಬಳು ಪಡಲಿ ಎನ್ನುವ ಅತ್ತೆಯರನ್ನು ದಿನವೂ ಕಾಣುವ ನಮಗೆ ಈ ಭಾಗ ಎಷ್ಟು ಸಲ ಓದಿದರೂ ಸಾಲದು.

ಸಾಂತ್ವನ ಕೇಂದ್ರದಲ್ಲಿ ನಾನು ಕಲಿತದ್ದೊಂದಿದೆ. ಬಂದವರಲ್ಲಿ ಬಹಳ ಮಂದಿ ಮೊದಲ ದಿನ ತಮ್ಮ ಕಥೆ ಹೇಳುವುದಿಲ್ಲ. ‘ನಮ್ಮ ಪಕ್ಕದ ಮನೆಯವಳೊಬ್ಬಳಿದ್ದಾಳೆ ಮೇಡಂ, ಅವಳಿಗೆ ಅತ್ತೆ ಮನೆಯಲ್ಲಿ ಹೀಗಾಗುತ್ತಿದೆ, ಅವಳು ಏನು ಮಾಡಬಹುದು?’ ಎಂದು ಶುರು ಮಾಡುತ್ತಾರೆ. ತೋಳಿನ ಮೇಲಿನ ಕಲೆ ಸೆರಗಿನಡಿ ಕಾಣುತ್ತಿರುತ್ತದೆ. ಹೊಸದಾಗಿ ಬಂದ ಆಪ್ತಸಮಾಲೋಚಕಿ ಅವಸರದಿಂದ ‘ಆ ಪಕ್ಕದ ಮನೆಯವಳು ನೀವೇ ತಾನೆ?’ ಎಂದುಬಿಟ್ಟರೆ ಆಕೆ ಚೀಲ ಎತ್ತಿಕೊಂಡು ಹೊರಟಳೆಂದೇ ಲೆಕ್ಕ. ಆ ಪಕ್ಕದ ಮನೆಯವಳನ್ನು ನಂಬಿ, ಅವಳಿಗೆ ಬೇಕಾದ ಸಲಹೆಯನ್ನೆಲ್ಲ ಕೊಟ್ಟು ಕಳಿಸಿದರೆ ಮೂರನೆಯ ವಾರ ಅವಳೇ ಮರಳಿ ಬರುತ್ತಾಳೆ. ಕಾದಂಬರಿಯೂ ಇಂಥ ಪಕ್ಕದ ಮನೆಯವಳೇ. ಬರೆದವಳಿಗೂ ಓದುವವಳಿಗೂ ಅವಳ ಮರೆ ಬೇಕು. ಆ ಮರೆಯನ್ನು ಸಭೆಯ ನಡುವೆ ಎಳೆದು ತೆಗೆಯುವ ಹಕ್ಕು ಯಾರಿಗೂ ಇಲ್ಲವೆಂದು ನನ್ನ ಖಚಿತ ಅಭಿಪ್ರಾಯ. ಕಾನೂನಿಗೆ ಇದು ನಮಗಿಂತ ಚೆನ್ನಾಗಿ ಅರ್ಥವಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 4ನೇ ಕಲಮಿನ ಪ್ರಕಾರ ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯನ್ನೂ ಹೊರಿಸುವಂತಿಲ್ಲ. ನಿನಗೇನು ಸಂಬಂಧ ಎಂದು ಆ ಕಾಯ್ದೆ ಕೇಳುವುದಿಲ್ಲ.

ಮನೆಯವರು ಏನನ್ನುತ್ತಾರೆ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಕೇಳಿದವರಿಗೆ ‘ಮನೆಯವರು’ ಎಂದರೆ ಗಂಡ ಎಂದಷ್ಟೇ ಅರ್ಥ. ಅಪ್ಪಣೆ ಪಡೆದೇ ಬರೆದಿರಬೇಕು ಎಂಬುದು ಗೃಹೀತ.

ಯಾವಾಗ ಬರೆಯುತ್ತೀರಿ ಎಂಬುದನ್ನು ಮಾತ್ರ ನಾನು ಹಗುರವಾಗಿ ಕಾಣಲಾರೆ. ಗಂಡಸರು ಕೇಳಿದರೆ ಅದರಲ್ಲಿ ಕುಚೋದ್ಯವಿರುತ್ತದೆ, ಅನ್ನ ಸಾರು ಆಯಿತೇ ಎಂಬ ವಿಚಾರಣೆ. ಹೆಂಗಸರು ಕೇಳಿದಾಗ ಹಾಗಲ್ಲ, ಅವರಿಗೆ ನಿಜವಾಗಿ ಸಮಯದ ಲೆಕ್ಕ ಬೇಕು. ಇಂದಿರಾ ಅವರು ಕಾದಂಬರಿಗೆ ಕೈಹಾಕಿದ್ದು ನಲವತ್ತೈದರ ಸುಮಾರಿಗೆ. ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂತು. ಶಾಲೆಯ ಓದೂ ಹೆಚ್ಚಿರಲಿಲ್ಲ. ಈ ಸಂಗತಿ ಹೇಳಿದಾಗಲೆಲ್ಲ ಹಿಂದಿನ ಸಾಲಿನಲ್ಲಿ ಕುಳಿತ ನಲವತ್ತರ ಆಚೆಯ ಹೆಂಗಸರು ತಲೆ ಎತ್ತುವುದನ್ನು ಗಮನಿಸಿದ್ದೇನೆ. ಮದುವೆಯಾದ ಹೊಸದರಲ್ಲಿ ಡೈರಿ ಬರೆಯುತ್ತಿದ್ದೆ, ಅವರು ಅದನ್ನು ಒಲೆಗೆ ಹಾಕಿದರು ಎಂದು ಒಬ್ಬಾಕೆ ಕೇಂದ್ರದಲ್ಲಿ ಹೇಳಿದ್ದಳು. ಅವಳು ತನ್ನ ಅರ್ಜಿಯಲ್ಲಿ ಒಡೆದ ಕೈಬಳೆ, ಒತ್ತೆಯಿಟ್ಟ ಸರ ಎಲ್ಲವನ್ನೂ ಬರೆಸಿದಳು. ಡೈರಿಯನ್ನು ಬರೆಸಲಿಲ್ಲ. ಅದೂ ಬರೆಸುವಂಥ ನಷ್ಟವೆಂದು ಅವಳಿಗೆ ತೋಚಲಿಲ್ಲ.

ಗಂಡಸರನ್ನೆಲ್ಲ ಕೆಟ್ಟವರನ್ನಾಗಿ ಮಾಡುತ್ತೀರಿ ಎಂಬ ಆರೋಪಕ್ಕೆ ಒಂದೊಂದು ಲೇಖಕಿಯ ಪಾಲಿಗೆ ಒಂದೊಂದು ರೂಪ. ಲಂಕೇಶ್ ಪತ್ರಿಕೆಯಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಬಂದಾಗ ಅದು ‘ನಮ್ಮ ಜನರ ಮಾನ ಏಕೆ ಕಳೆಯುತ್ತೀರಿ?’ ಎಂದಾಯಿತು. ಬೆದರಿಕೆಯನ್ನೂ ಅವರು ಎದುರಿಸಬೇಕಾಯಿತು. 2023ರಲ್ಲಿ ತೀರಿಕೊಳ್ಳುವವರೆಗೂ ಅವರು ಹೇಳಬೇಕಾದದ್ದನ್ನು ಹೇಳುತ್ತಲೇ ಇದ್ದರು. ಕಥೆಗಾರ್ತಿ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಮೇಲೆ ಹಾರ ಹಾಕಿದವರು ಬಹಳ. ವಕೀಲಿಕೆ ಮತ್ತು ಹೋರಾಟದಲ್ಲಿ ಎದುರಾದ ಹೆಣ್ಣುಮಕ್ಕಳ ಸಂಕಟ ಅವರ ಕಥೆಗಳಲ್ಲಿದೆ. ಆ ಹೆಣ್ಣುಮಕ್ಕಳಿಗೂ ಯಾರಾದರೂ ಒಂದು ಕುರ್ಚಿ ಹಾಕಿದರೇ ಎಂಬುದು ನನ್ನ ಕುತೂಹಲ.

ಅನುಪಮಾ ನಿರಂಜನರ ವಿಚಾರ ಸ್ವಾರಸ್ಯದ್ದು. ಅವರು ವೈದ್ಯೆ. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳಲ್ಲಿ ಹೆಂಗಸರು ಬಾಯಿಬಿಟ್ಟು ಕೇಳಲಾರದ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಅವನ್ನು ಓದಿ, ಈ ಕಾಯಿಲೆ ನಿಮ್ಮದೇ ಎಂದು ಯಾರೂ ಕೇಳುವುದಿಲ್ಲ! ಅದೇ ಕೈ ಕಾದಂಬರಿ ಬರೆದರೆ ಕೇಳುತ್ತಾರೆ. ಅವರ ‘ಮಾಧವಿ’ಯ ವಸ್ತು ಮಹಾಭಾರತದ್ದು. ಗುರುದಕ್ಷಿಣೆಗೆ ಎಂಟುನೂರು ಕುದುರೆ ಬೇಕಾದ ಗಾಲವನಿಗೆ ಯಯಾತಿ ಮಗಳನ್ನೇ ದಾನ ಮಾಡುತ್ತಾನೆ. ಗಾಲವ ಅವಳನ್ನು ರಾಜರಿಂದ ರಾಜರಿಗೆ ಒಪ್ಪಿಸಿ ಇನ್ನೂರಿನ್ನೂರು ಕುದುರೆ ಪಡೆಯುತ್ತಾನೆ. ಅಲ್ಲಿ ಕನ್ಯೆಯನ್ನು ಕೊಟ್ಟು ಕುದುರೆ ತಂದರು. ನಾವು ಕನ್ಯೆಯ ಜೊತೆಗೆ ಕುದುರೆಯನ್ನೂ ಕೊಟ್ಟು ಕಳಿಸುತ್ತೇವೆ, ಪೆಟ್ರೋಲಿಗೂ ಸೇರಿಸಿ.

ಇನ್ನು ಕೊನೆಯ ಪ್ರಶ್ನೆ. ಅವಳು ಯಾಕೆ ಮನೆ ಬಿಟ್ಟು ಹೊರಡಲಿಲ್ಲ? ತ್ರಿವೇಣಿಯವರ ‘ಶರಪಂಜರ’ ಪಾಠ ಮಾಡುವಾಗ ಪ್ರತಿ ವರ್ಷ ಇದು ಬರುತ್ತಿತ್ತು. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾದ ಕಾವೇರಿ ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆ ಅವಳನ್ನು ಹುಚ್ಚಿಯೆಂದೇ ನೋಡುತ್ತದೆ. ಯಾರೂ ಕೈ ಎತ್ತದೆ ಅವಳನ್ನು ಮತ್ತೆ ಆಸ್ಪತ್ರೆಗೆ ತಲುಪಿಸುತ್ತಾರೆ. ತ್ರಿವೇಣಿ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು, ಹೆರಿಗೆಯಾದ ಕೆಲವೇ ದಿನಗಳಲ್ಲಿ 1963ರ ಜುಲೈನಲ್ಲಿ ತೀರಿಕೊಂಡರು, ಇನ್ನೂ ಮೂವತ್ತೈದು ತುಂಬಿರಲಿಲ್ಲ. ಹೆಂಡತಿಯ ಮಾನಸಿಕ ಆರೋಗ್ಯಕ್ಕೆ ತರುವ ಹಾನಿಯೂ ಕ್ರೌರ್ಯವೆಂದು 498ಎ ಕಲಮಿನಲ್ಲಿ ಬರೆಯಲು ನಮ್ಮ ಸರ್ಕಾರಕ್ಕೆ ಆಮೇಲೆ ಇಪ್ಪತ್ತು ವರ್ಷ ಬೇಕಾಯಿತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳಲ್ಲಿದೆ.

ಒಂದು ವರ್ಷ ನಾನು ತರಗತಿಯಲ್ಲಿ, ಸರಿ, ಕಾವೇರಿ ಎಲ್ಲಿಗೆ ಹೋಗಬೇಕಿತ್ತು, ವಿಳಾಸ ಬರೆಯಿರಿ ಎಂದೆ. ನೀವೇ ಆದರೆ ಎಲ್ಲಿಗೆ, ಎಷ್ಟು ದಿನಕ್ಕೆ ಎಂದೂ ಸೇರಿಸಿದೆ. ಹುಡುಗಿಯರು ಮೊದಲು ನಕ್ಕರು, ಆಮೇಲೆ ಬರೆದರು. ತವರು, ಒಂದು ತಿಂಗಳು. ಅಣ್ಣನ ಮನೆ, ಅತ್ತಿಗೆ ಸುಮ್ಮನಿದ್ದರೆ ಹದಿನೈದು ದಿನ. ಗೆಳತಿಯ ಹಾಸ್ಟೆಲ್ಲು, ವಾರ್ಡನ್ನಿಗೆ ಗೊತ್ತಾಗುವವರೆಗೆ. ನಾಲ್ಕೈದು ಮಂದಿ ಹಾಳೆಯನ್ನು ಖಾಲಿ ಕೊಟ್ಟರು. ಆ ವರ್ಷ ಮತ್ತೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.

2005ರ ಕಾಯ್ದೆ ಈ ಪ್ರಶ್ನೆಯನ್ನೇ ತಿರುಗಿಸಿ ಹಾಕಿತು. ಅವಳು ಯಾಕೆ ಹೊರಡಬೇಕು? 17ನೇ ಕಲಮು ಅವಳಿಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ. 19ನೇ ಕಲಮಿನಡಿ ಹಿಂಸೆ ಕೊಡುವ ಗಂಡಸೇ ಮನೆಯಿಂದ ಹೊರಗಿರಬೇಕೆಂದು ನ್ಯಾಯಾಲಯ ಆದೇಶಿಸಬಹುದು. ಮನೆ ಮಾವನ ಹೆಸರಿನಲ್ಲಿದೆ ಎಂದು ಸೊಸೆಯನ್ನು ಹೊರಹಾಕುವ ಉಪಾಯಕ್ಕೆ ಸುಪ್ರೀಂ ಕೋರ್ಟಿನ 2006ರ ತೀರ್ಪೊಂದು ದಾರಿ ಬಿಟ್ಟಿತ್ತು. 2020ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ, ಮನೆ ಅತ್ತೆ ಮಾವನದಾದರೂ ದಂಪತಿ ಅಲ್ಲಿ ನೆಲೆಸಿ ಬಾಳಿದ್ದರೆ ಸೊಸೆಗೆ ವಾಸದ ಹಕ್ಕು ಉಂಟೆಂದು ಹೇಳಿ ಅದನ್ನು ತಿದ್ದಿತು. ಮನೆ ಬಿಡದೆ ಅಲ್ಲೇ ನಿಂತು ತನ್ನ ಪಾಲಿನ ಕೋಣೆಯ ಬೀಗದ ಕೈ ಕೇಳುವ ನಾಯಕಿಯ ಕಾದಂಬರಿಯನ್ನು ನಮ್ಮ ಹೊಸ ಲೇಖಕಿಯರಲ್ಲಿ ಯಾರಾದರೂ ಬರೆದರೆ ಓದಲು ಕಾಯುತ್ತಿದ್ದೇನೆ.

ಎಲ್ಲ ಚೀಟಿಗಳೂ ಒಂದೇ ಥರ ಎಂದೆ, ಪೂರ್ತಿ ಹಾಗಲ್ಲ. ಹಿಂದೊಮ್ಮೆ ಒಂದು ತಾಲ್ಲೂಕು ಕಾಲೇಜಿನಲ್ಲಿ, ಹೆಸರಿಲ್ಲದ ಚೀಟಿಯೊಂದು ಬಂದಿತ್ತು. ‘ನಿಮ್ಮ ಕಾದಂಬರಿಯ ಹುಡುಗಿ ದೂರು ಕೊಡಲು ಪಟ್ಟಣಕ್ಕೆ ಹೋದಳು ಅಂತ ಬರೆದಿದ್ದೀರಿ. ಬಸ್ ಚಾರ್ಜಿಗೆ ದುಡ್ಡು ಎಲ್ಲಿಂದ ತಂದಳು?’ ಲೇಖಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಲಿನವನಿಗೆ ಕೊಡಬೇಕಾದ ದುಡ್ಡಿನಲ್ಲಿ ಹೋಗಿರಬೇಕು, ಅದನ್ನು ನಾನು ಬರೆಯಬೇಕಿತ್ತು ಎಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಅವಳ ಆಧಾರ್ ಕಾರ್ಡು ಅತ್ತೆಯ ಬೀರುವಿನಲ್ಲಿದ್ದರೆ ಏನು ಮಾಡುತ್ತಾಳೆ?