ಪಂಕ್ಚರಾದ ಚಕ್ರವೂ ನಮ್ಮ ಪ್ರಯೋಗಶಾಲೆಯೂ

ಕಳೆದ ಬೇಸಗೆಯಲ್ಲಿ ಸಿರಾದಿಂದ ಹಿರಿಯೂರಿಗೆ ಮೋಟಾರ್ ಸೈಕಲ್ಲಿನ ಮೇಲೆ ಹೋಗುತ್ತಿದ್ದಾಗ ನಮ್ಮ ಹಿಂದಿನ ಚಕ್ರ ಪಂಕ್ಚರಾಯಿತು. ಜೊತೆಗಿದ್ದ ಮಿತ್ರರು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು, ನಾವೂ ಆ ಶಾಸ್ತ್ರಕ್ಕೆ ತೀರ ಹೊರಗಿನವರಲ್ಲ. ಬೇಕಾದ ಉಪಕರಣಗಳೆಲ್ಲ ಚೀಲದಲ್ಲಿದ್ದುವು. ಆದರೂ ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಲು ಅರ್ಧ ಗಂಟೆ ಸೆಣಸಿ, ಟೈರ್ ಲಿವರಿನ ತುದಿಯಿಂದ ಟ್ಯೂಬಿಗೆ ಎರಡನೆಯ ತೂತೊಂದನ್ನೂ ಮಾಡಿದೆವು. ಅಷ್ಟರಲ್ಲಿ ಲಾರಿಯೊಂದು ನಿಂತಿತು. ಅದರ ಕ್ಲೀನರ್ ಹುಡುಗನು ಇಳಿದು ಬಂದು ಸ್ವಲ್ಪ ಹೊತ್ತು ನೋಡಿ, "ಆ ಕಡೆ ತುಳಿದು ಹಿಡೀರಿ ಸಾರ್" ಎಂದನು. ನಾವು ಎದುರು ಬದಿಯ ಅಂಚನ್ನು ಹಿಮ್ಮಡಿಯಿಂದ ಒತ್ತಿ ಹಿಡಿದೆವು. ಅವನ ಕೈಯ ಲಿವರಿಗೆ ಟೈರು ಬಾಳೆಯ ಹಣ್ಣಿನ ಸಿಪ್ಪೆಯಂತೆ ಸುಲಿದು ಬಂದಿತು.

ಇದರ ಕಾರಣ ಸರಳವಾದುದು. ಟೈರಿನ ಅಂಚಿನೊಳಗೆ ಉಕ್ಕಿನ ತಂತಿಯ ಬಳೆ ಹುದುಗಿದೆ. ಅದು ಹಿಗ್ಗುವುದಿಲ್ಲ, ಹಿಗ್ಗುವಂತಿದ್ದರೆ ಓಡುತ್ತಿರುವಾಗಲೇ ಟೈರು ಕಳಚಿಕೊಂಡೀತು. ರಿಮ್ಮಿನ ಹೊರ ಅಂಚಿನ ಸುತ್ತಳತೆಯಾದರೋ ಈ ಬಳೆಗಿಂತ ದೊಡ್ಡದು. ಚಿಕ್ಕ ಬಳೆ ದೊಡ್ಡ ವೃತ್ತವನ್ನು ದಾಟುವುದು ಹೇಗೆ? ಅದಕ್ಕಾಗಿಯೇ ರಿಮ್ಮಿನ ನಟ್ಟನಡುವೆ ಸುತ್ತಲೂ ಒಂದು ಹಳ್ಳವನ್ನು ಬಿಟ್ಟಿರುತ್ತಾರೆ. ಒಂದು ಬದಿಯ ಅಂಚನ್ನು ಆ ಹಳ್ಳಕ್ಕೆ ಇಳಿಸಿದರೆ ಎದುರು ಬದಿಯಲ್ಲಿ ಬಳೆ ಸಡಿಲವಾಗುತ್ತದೆ. ವೃತ್ತದ ಪ್ರಮೇಯಗಳನ್ನು ಬಾಯಿಪಾಠ ಒಪ್ಪಿಸಿದ್ದ ನಮಗೆ ಇದು ಹೊಳೆಯಲಿಲ್ಲ. ಇನ್ನಷ್ಟು ಬಲವಾಗಿ ಮೀಟಬೇಕೆಂಬುದೊಂದೇ ಹೊಳೆಯಿತು.

ಪ್ಯಾಚು ಹಾಕುವಾಗಲೂ ನಾವು ತಪ್ಪುತ್ತಿದ್ದೆವು. ಸಲ್ಯೂಷನ್ನನ್ನು ಗೋಂದೆಂದು ಬಗೆದು, ಹಸಿಯಾಗಿರುವಾಗಲೇ ಪ್ಯಾಚನ್ನು ಒತ್ತಲು ಹೊರಟಿದ್ದೆವು. ಹುಡುಗನು ತಡೆದನು. ಟ್ಯೂಬನ್ನು ಉಜ್ಜುಕಾಗದದಿಂದ ಒರಟು ಮಾಡಿ, ಸಲ್ಯೂಷನ್ನನ್ನು ತೆಳ್ಳಗೆ ಸವರಿ, ಅದರ ದ್ರಾವಕವೆಲ್ಲ ಆರುವ ತನಕ ಕೆಲವು ನಿಮಿಷ ಕಾಯಬೇಕು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಕಂಡುಕೊಂಡ ವಲ್ಕನೀಕರಣವು, ಒಳ್ಳೆಯ ಪ್ಯಾಚಿನ ಅಡಿಯಲ್ಲಿ ಬೆಂಕಿಯಿಲ್ಲದೆಯೇ ನಿಧಾನವಾಗಿ ನಡೆಯುತ್ತದೆ. ಇದರ ಮೇಲೆ ಎರಡು ಪುಟ ಬರೆಯಬಲ್ಲವರು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟಿದ್ದಾರೆ. ನಾಲ್ಕು ನಿಮಿಷ ಕಾಯಬೇಕೆಂಬುದು ಮಾತ್ರ ಗೊತ್ತಿಲ್ಲ.

ಆ ಹುಡುಗನು ಟ್ಯೂಬನ್ನು ಒಳಗಿಡುವ ಮುನ್ನ ಟೈರಿನ ಒಳಮೈಯನ್ನೆಲ್ಲ ಹಳೆಯ ಬಟ್ಟೆಯಿಂದ ಒರೆಸಿದನು. ಬಟ್ಟೆ ಒಂದೆಡೆ ಸಿಕ್ಕಿಕೊಂಡಿತು. ಅಲ್ಲಿದ್ದುದು ಎತ್ತಿನ ಲಾಳದ ಮೊಳೆ. ಹೊರಗಿನಿಂದ ಕಾಣುತ್ತಲೇ ಇರಲಿಲ್ಲ. ಅದನ್ನು ಬಿಟ್ಟಿದ್ದರೆ ನಾಲ್ಕು ಮೈಲಿ ಹೋಗುವುದರೊಳಗೆ ಮತ್ತೆ ಅದೇ ಗತಿ. ಮುಂದಿನ ಚಕ್ರವಾಗಿದ್ದು, ವೇಗವೂ ಹೆಚ್ಚಾಗಿದ್ದರೆ ಪ್ರಾಣಕ್ಕೇ ಸಂಚಕಾರ.

ಪ್ರತಿಯೊಂದು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿಯೂ ಮೋಟಾರ್ ಸೈಕಲ್ಲಿನ ಹಳೆಯ ಚಕ್ರವೊಂದು ಇರತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ. ಗುಜರಿ ಅಂಗಡಿಯಲ್ಲಿ ದೊರೆಯುವ ಈ ವಸ್ತುವಿಗೆ ದೊಡ್ಡ ಅನುದಾನವೇನೂ ಬೇಕಿಲ್ಲ. ಅದು ಮೆಕ್ಯಾನಿಕ್ಕಿನ ಕಸುಬು, ವಿಜ್ಞಾನವಲ್ಲ ಎನ್ನುವವರಿಗೆ ನಾವು ಉತ್ತರ ಕೊಡಲಾರೆವು. ಅವರು ಬಿಸಿಲಿನಲ್ಲಿ ಅರ್ಧ ಗಂಟೆ ಕುಳಿತವರಲ್ಲ. ಈಗ ಟ್ಯೂಬಿಲ್ಲದ ಟೈರುಗಳು ಬಂದಿವೆಯಲ್ಲ ಎಂಬ ಆಕ್ಷೇಪಣೆ ಇದಕ್ಕಿಂತ ಮೇಲು. ಅವುಗಳಲ್ಲಿ ಮೊಳೆಯೇ ತೂತನ್ನು ಬಹುಮಟ್ಟಿಗೆ ಮುಚ್ಚಿಕೊಂಡಿರುವುದರಿಂದ ಗಾಳಿ ಮೆಲ್ಲಗೆ ಇಳಿಯುತ್ತದೆ. ಹೊರಗಿನಿಂದಲೇ ರಬ್ಬರಿನ ಬತ್ತಿಯನ್ನು ತುರುಕಿ ಊರು ಸೇರಬಹುದು. ಆದರೆ ನೆಲಕ್ಕೆ ತಾಗುವ ಭಾಗದಲ್ಲಿ ಆದ ತೂತಿಗೆ ಮಾತ್ರ ಈ ಉಪಾಯ. ಪಕ್ಕದ ಗೋಡೆ ಹರಿದರೆ ನಡೆಯದು. ಕಡ್ಡಿಗಳುಳ್ಳ ಚಕ್ರಗಳಲ್ಲಿಯೋ, ಕಡ್ಡಿಯ ತೂತುಗಳಿಂದ ಗಾಳಿ ಸೋರುವುದರಿಂದ, ಸಾಮಾನ್ಯವಾಗಿ ಟ್ಯೂಬು ಇಂದಿಗೂ ಬೇಕೇಬೇಕು.

ಚಕ್ರವನ್ನು ತಂದಿಟ್ಟ ಮೊದಲನೆಯ ದಿನವೇ ಉಪಾಧ್ಯಾಯರು ಹಳ್ಳದ ಗುಟ್ಟನ್ನು ಹೇಳಿಬಿಡಬಾರದು. ಹುಡುಗರೂ ಹುಡುಗಿಯರೂ ಕೊಂಚ ಹೊತ್ತು ಲಿವರಿನೊಡನೆ ಸೆಣಸಲಿ.