ಕಿವಿ ಮಂದವಾದರೆ ಕಾಲು ಯಾಕೆ ತಪ್ಪುತ್ತದೆ?

ಮನೆಯ ಹಿರಿಯರು ಬಚ್ಚಲಲ್ಲಿ ಬಿದ್ದರೆ ನಾವು ಮೊದಲು ಬೈಯುವುದು ನೆಲವನ್ನು. ಆಮೇಲೆ ಚಪ್ಪಲಿ, ಮಂಡಿನೋವು, ಬಿಪಿ, ಕಣ್ಣಿನ ಪೊರೆ. ಪಿತ್ತ ಏರಿರಬೇಕು ಎನ್ನುವವರೂ ಇದ್ದಾರೆ. ಕಿವಿ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ಅದೇ ಹಿರಿಯರಿಗೆ ನಾಲ್ಕಾರು ವರ್ಷಗಳಿಂದ ಕಿವಿ ಮಂದವಾಗಿರುತ್ತದೆ, ಟಿವಿ ಸದ್ದು ಬೀದಿಗೆ ಕೇಳುತ್ತಿರುತ್ತದೆ. ಆದರೂ ಅದು ಬೇರೆ ವಿಷಯ, ಬಿದ್ದದ್ದು ಬೇರೆ ವಿಷಯ ಎಂದೇ ನಮ್ಮ ಲೆಕ್ಕ.

ಇವೆರಡೂ ಅಷ್ಟು ಬೇರೆಯಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಫ್ರಾಂಕ್ ಲಿನ್ ಮತ್ತು ಅವರ ಸಹೋದ್ಯೋಗಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40ರಿಂದ 69 ವಯಸ್ಸಿನ 2,017 ಜನರ ಮಾಹಿತಿ ಇತ್ತು. 25 ಡೆಸಿಬೆಲ್‌ನಷ್ಟು, ಅಂದರೆ ಅಲ್ಪ ಪ್ರಮಾಣದ ಕಿವುಡು ಇದ್ದವರಲ್ಲಿ ಹಿಂದಿನ ಒಂದು ವರ್ಷದಲ್ಲಿ ಬಿದ್ದಿರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಅಲ್ಲಿಂದ ಮೇಲೆ ಪ್ರತಿ 10 ಡೆಸಿಬೆಲ್‌ಗೆ ಆ ಸಾಧ್ಯತೆ 1.4 ಪಟ್ಟು ಏರುತ್ತಿತ್ತು. ಗಮನಿಸಿ, ಇವರು ಪೂರ್ತಿ ಕಿವುಡರಲ್ಲ. "ಇನ್ನೊಂದು ಸಲ ಹೇಳು" ಎನ್ನುವ ಹಂತದವರು. ಹಾಗೆಂದು ಕಿವುಡೇ ಅವರನ್ನು ಬೀಳಿಸಿತು ಎಂದು ಈ ಅಧ್ಯಯನ ಸಾಬೀತು ಮಾಡುವುದಿಲ್ಲ. ಎರಡೂ ಜೊತೆಜೊತೆಯಾಗಿ ಕಾಣಿಸುತ್ತವೆ ಎನ್ನುತ್ತದೆ, ಅಷ್ಟೆ. ಯಾಕೆ ಜೊತೆಯಾಗಿ ಎಂಬುದೇ ಕುತೂಹಲದ ಪ್ರಶ್ನೆ.

ಒಂದೇ ಮನೆ, ಎರಡು ಸಂಸಾರ

ನಮ್ಮ ಒಳಕಿವಿ ತೀರಾ ಪುಟ್ಟದು. ಅದರ ಒಂದು ತುದಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಇದೆ, ಅದರ ಕೆಲಸ ಕೇಳುವುದು. ಇನ್ನೊಂದು ತುದಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳು ಮತ್ತು ಎರಡು ಪುಟ್ಟ ಚೀಲಗಳು. ತಲೆ ತಿರುಗಿಸಿದ್ದನ್ನು ನಾಳಗಳು ಗ್ರಹಿಸುತ್ತವೆ. ಬಸ್ಸು ಮುಂದಕ್ಕೆ ಎಳೆದದ್ದನ್ನು, ನೆಲ ಯಾವ ಕಡೆಗಿದೆ ಎಂಬುದನ್ನು ಚೀಲಗಳು ಗ್ರಹಿಸುತ್ತವೆ. ಎರಡೂ ಕಡೆ ಒಂದೇ ದ್ರವ ಹರಿದಾಡುತ್ತದೆ, ರಕ್ತ ಪೂರೈಸುವ ರಕ್ತನಾಳವೂ ಒಂದೇ. ಎರಡರ ಸುದ್ದಿಯನ್ನೂ ಮೆದುಳಿಗೆ ಒಯ್ಯುವುದು ಎಂಟನೆಯ ಕಪಾಲ ನರ. ಎರಡರಲ್ಲೂ ಕೆಲಸ ಮಾಡುವುದು ಕೂದಲಿನಂಥ ತುದಿಗಳಿರುವ ಜೀವಕೋಶಗಳು. ಕಾಕ್ಲಿಯಾದ ಈ ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಹೀಗಾಗಿ ವಯಸ್ಸು, ರಕ್ತಸಂಚಾರದ ತೊಂದರೆ, ಸ್ಟ್ರೆಪ್ಟೋಮೈಸಿನ್, ಜೆಂಟಾಮೈಸಿನ್‌ನಂಥ ಔಷಧಗಳು ಒಂದು ಭಾಗಕ್ಕೆ ಪೆಟ್ಟು ಕೊಟ್ಟಾಗ ಇನ್ನೊಂದು ಭಾಗ ಪಾರಾಗುತ್ತದೆ ಎನ್ನುವಂತಿಲ್ಲ. ಕೇಳುವುದು ಕಡಿಮೆಯಾದದ್ದು ಮಾತಿನಲ್ಲಿ ಬೇಗ ಗೊತ್ತಾಗುತ್ತದೆ. ಸಮತೋಲನ ಸವೆದದ್ದು ಬಿದ್ದ ಮೇಲೆ ಗೊತ್ತಾಗುತ್ತದೆ.

ಅದು ಮುಚ್ಚಿಹೋಗಲು ಕಾರಣವಿದೆ. ನಾವು ನೆಟ್ಟಗೆ ನಿಲ್ಲುವುದು ಒಳಕಿವಿಯೊಂದರಿಂದಲ್ಲ, ಕಣ್ಣು ಮತ್ತು ಅಂಗಾಲಿನ ಸ್ಪರ್ಶವೂ ಸೇರಿ. ಒಂದು ಸೋತರೆ ಉಳಿದೆರಡು ಸಂಭಾಳಿಸುತ್ತವೆ. ಹಗಲಿನಲ್ಲಿ ಗಟ್ಟಿ ನೆಲದ ಮೇಲೆ ಏನೂ ತೊಂದರೆಯಿಲ್ಲ. ಆದರೆ ತಲೆಗೆ ಸೀಗೆಪುಡಿ ಹಚ್ಚಿ ಕಣ್ಣು ಮುಚ್ಚಿ, ಒದ್ದೆ ಕಲ್ಲಿನ ಮೇಲೆ ನಿಂತಾಗ? ಕಣ್ಣೂ ಇಲ್ಲ, ಕಾಲಿಗೂ ನೆಲದ ಭರವಸೆಯಿಲ್ಲ, ಉಳಿದದ್ದು ಒಳಕಿವಿ ಮಾತ್ರ. ಬಚ್ಚಲು ಅಷ್ಟು ಜನರನ್ನು ಬೀಳಿಸುವುದಕ್ಕೆ ಪಾಚಿಯೊಂದೇ ಕಾರಣವಲ್ಲ. ಕರೆಂಟು ಹೋದ ರಾತ್ರಿ ಹಿತ್ತಲಿಗೆ ಹೋಗುವಾಗಲೂ ಇದೇ ಲೆಕ್ಕ.

ಹೊಳೆಯ ಸದ್ದು ಹಿಡಿದು ನಿಲ್ಲುವುದು

ಇನ್ನೊಂದು ದಾರಿಯೂ ಇದೆ, ನನಗೆ ಇದೇ ಹೆಚ್ಚು ಸ್ವಾರಸ್ಯ ಎನಿಸುತ್ತದೆ. ಗೊರೂರಿನಲ್ಲಿ ಹೇಮಾವತಿಯ ದಂಡೆಯ ಮೇಲೆ ನಡೆಯುತ್ತಿದ್ದೀರಿ ಎಂದುಕೊಳ್ಳಿ. ನೀರಿನ ಸದ್ದು ಒಂದು ಪಕ್ಕದಿಂದ ಬರುತ್ತಿದೆ. ತಲೆ ಸ್ವಲ್ಪ ತಿರುಗಿದರೆ ಆ ಸದ್ದು ಎರಡು ಕಿವಿಗಳಿಗೆ ಬೀಳುವ ರೀತಿ ಬದಲಾಗುತ್ತದೆ. ನೀವು ಗಮನಿಸದೆಯೇ ಮೆದುಳು ಅದನ್ನು ಗುರುತುಗೂಟದಂತೆ ಬಳಸುತ್ತದೆ. ಒಂದೇ ಕಡೆಯಿಂದ ಸ್ಥಿರವಾದ ಸದ್ದು ಬರುತ್ತಿದ್ದರೆ ಕಣ್ಣು ಮುಚ್ಚಿ ನಿಂತವರ ಓಲಾಟ ಕಡಿಮೆಯಾಗುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಕಿವಿ ಮಂದವಾದವರಿಗೆ ಆ ಗೂಟ ಸಡಿಲ. ಹಿಂದಿನಿಂದ ಬರುವ ಬೈಕು, ಪಕ್ಕಕ್ಕೆ ನುಗ್ಗುವ ಹಸು ಕೂಡ ತಡವಾಗಿ ತಿಳಿಯುತ್ತವೆ. ಗಾಬರಿಯಿಂದ ಗಕ್ಕನೆ ತಿರುಗುತ್ತಾರೆ.

ಜೊತೆಗೆ ಗಮನದ ಖರ್ಚು. ಅರೆಬರೆ ಕೇಳಿದ ಮಾತನ್ನು ಜೋಡಿಸಿ ಅರ್ಥ ಮಾಡಿಕೊಳ್ಳಲು ಮೆದುಳು ಬಹಳ ದುಡಿಯಬೇಕು. ನಡೆಯಲು ಉಳಿಯುವ ಗಮನ ಅಷ್ಟರಮಟ್ಟಿಗೆ ಕಡಿಮೆ. ಕಿವಿ ಮಂದವಾದ ಅಜ್ಜಿ ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿ ಮಾತಾಡಿಸಬೇಡಿ. ಇಳಿದ ಮೇಲೆ ಎದುರಿಗೆ ನಿಂತು ಮಾತಾಡಿ.

ಹಾಗಾದರೆ ಹಿಯರಿಂಗ್ ಏಡ್ ಹಾಕಿದರೆ ಬೀಳುವುದಿಲ್ಲವೇ?

ಹಾಗೆ ಹೇಳುವ ಜಾಹೀರಾತನ್ನು ನಂಬಬೇಡಿ. ಸವೆದ ಸಮತೋಲನದ ಅಂಗವನ್ನು ಯಾವ ಯಂತ್ರವೂ ರಿಪೇರಿ ಮಾಡುವುದಿಲ್ಲ. ಆದರೆ ಉಪಯೋಗವಿಲ್ಲ ಎನ್ನುವುದೂ ತಪ್ಪು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಯಂತ್ರ ಬಳಸುವ 14 ಹಿರಿಯರನ್ನು ಮೆತ್ತನೆಯ ಫೋಮ್ ಮೇಲೆ ನಿಲ್ಲಿಸಿ ನೋಡಿದರು. ಯಂತ್ರ ಆಫ್ ಇದ್ದಾಗ ಸರಾಸರಿ 17 ಸೆಕೆಂಡು ನಿಂತವರು ಆನ್ ಮಾಡಿದಾಗ ಹತ್ತಿರ ಹತ್ತಿರ 26 ಸೆಕೆಂಡು ನಿಂತರು. ಇದು ಬಹಳ ಚಿಕ್ಕ ಪ್ರಯೋಗ. 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ಹಿಂಬಾಲಿಸಿದ 'ಅಚೀವ್' ಎಂಬ ದೊಡ್ಡ ಅಧ್ಯಯನದಲ್ಲಿ ಶ್ರವಣ ಚಿಕಿತ್ಸೆ ಪಡೆದವರ ಬೀಳುವಿಕೆ ಇತರರಿಗಿಂತ ಸರಾಸರಿ 27% ಕಡಿಮೆಯಿತ್ತು. ಮಾಡಿಸಿಕೊಂಡ ಯಂತ್ರವನ್ನು ಮದುವೆ ಮನೆಗೆ ಮಾತ್ರ ಹಾಕಿಕೊಂಡು ಉಳಿದ ದಿನ ಬೀರುವಿನಲ್ಲಿಡುವ ನಮ್ಮ ಅಭ್ಯಾಸಕ್ಕೆ ಈ ಲಾಭ ಸಿಗುವುದಿಲ್ಲ.

ಪರೀಕ್ಷೆಗೆ ಈ ಭಾಗದವರು ತೀರಾ ದೂರ ಹೋಗಬೇಕಿಲ್ಲ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಗೊರೂರು, ಹೊಳೆನರಸೀಪುರ ದಾಟಿ ಹೇಮಾವತಿ ಹರಿಯುವ ಅಕ್ಕಿಹೆಬ್ಬಾಳಿನಲ್ಲೂ ಆ ಸಂಸ್ಥೆಯ ಸೇವಾ ಕೇಂದ್ರವಿದೆ. ಅರ್ಹರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಹಿಯರಿಂಗ್ ಏಡ್ ಉಚಿತವಾಗಿಯೋ ರಿಯಾಯಿತಿಯಲ್ಲೋ ಸಿಗುತ್ತದೆ. ಹೋದಾಗ ಕೇಳದಿರುವುದನ್ನು ಮಾತ್ರವಲ್ಲ, ಕಳೆದ ವರ್ಷದಲ್ಲಿ ಎಷ್ಟು ಸಲ ಬಿದ್ದಿರಿ, ಎಷ್ಟು ಸಲ ತೂರಾಡಿದಿರಿ ಎಂಬುದನ್ನೂ ಹೇಳಿ. ಎಷ್ಟೋ ಸಲ ಯಾರೂ ಕೇಳುವುದಿಲ್ಲ, ನೀವಾಗಿಯೇ ಹೇಳಬೇಕು. ಬಿದ್ದು ಮೂಳೆ ಡಾಕ್ಟರ ಬಳಿ ಹೋದವರು ಪ್ಲಾಸ್ಟರ್ ಬಿಚ್ಚಿದ ಮೇಲೆ ಕಿವಿಯನ್ನೂ ತೋರಿಸಿಕೊಳ್ಳಿ.

ತಲೆಸುತ್ತನ್ನು ಅದುಮುವ ಕೆಲವು ಮಾತ್ರೆಗಳನ್ನು ತಿಂಗಳುಗಟ್ಟಲೆ ಅಂಗಡಿಯಿಂದ ತಂದು ನುಂಗುವುದು ಒಳ್ಳೆಯದಲ್ಲ. ಸವೆದ ಸಮತೋಲನಕ್ಕೆ ಮೆದುಳು ಹೊಂದಿಕೊಳ್ಳುವುದನ್ನೇ ಅವು ನಿಧಾನಗೊಳಿಸಬಲ್ಲವು. ಮಗ್ಗುಲು ಬದಲಿಸಿದಾಗ ಕೆಲವೇ ಸೆಕೆಂಡು ಲೋಕವೇ ತಿರುಗಿದಂತಾದರೆ, ಅದು ಹೆಚ್ಚಾಗಿ ಒಳಕಿವಿಯ ಸುಣ್ಣದ ಹರಳುಗಳು ಜಾರಿ ನಾಳಕ್ಕೆ ಸೇರಿದ್ದು. ತಲೆಯನ್ನು ಕ್ರಮವಾಗಿ ತಿರುಗಿಸುವ ವಿಧಾನದಿಂದ ಕಿವಿ ತಜ್ಞರು ಅದನ್ನು ಬಹುತೇಕ ಒಂದೆರಡು ಭೇಟಿಯಲ್ಲೇ ಸರಿಪಡಿಸುತ್ತಾರೆ. ಆದರೆ ಒಂದು ಕಿವಿ ಇದ್ದಕ್ಕಿದ್ದಂತೆ, ಒಂದೆರಡು ದಿನದೊಳಗೆ ಕೇಳದಾದರೆ ಎಣ್ಣೆ ಬಿಟ್ಟು ಕಾಯಬೇಡಿ. ಅದಕ್ಕೆ ಚಿಕಿತ್ಸೆ ಫಲಿಸುವುದು ಮೊದಲ ಕೆಲವು ದಿನಗಳಲ್ಲಿ, ಎರಡು ವಾರ ಕಳೆದರೆ ಅವಕಾಶ ಬಹಳ ಕಡಿಮೆ. ಜೊತೆಗೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ನಡೆಯಲೇ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು, ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೊರಡಿ.